ಸ್ಕ್ಯಾಗ್ಸ್ ಹೊಲದ ಗವಿ

ಸುವಾಜಾರಳಿಗೆ ಗವಿಯೆಂದರೆ ಜೀವಭಯ ಎಂಬ ಸಂಗತಿ ಭೂಗೋಳ ವಿಭಾಗದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಹಾಗೆ ಅವಳು ನಡೆದುಕೊಂಡಿರಲೂ ಇಲ್ಲ.

ಕೆಂಟಕಿಯ ಆ ವಿಶ್ವವಿದ್ಯಾಲಯಕ್ಕೆ ಮಡಗಾಸ್ಕರ್‌ನಿಂದ ಬಂದವಳು ಅವಳೊಬ್ಬಳೇ. ಬಂದ ವಾರವೇ ಎಲ್ಲರೂ ಸೇರಿ ಅವಳ ಹೆಸರನ್ನು ಕತ್ತರಿಸಿ ‘ಸೂ’ ಮಾಡಿದ್ದರು. ಸುಣ್ಣಕಲ್ಲಿನ ನೆಲದೊಳಗೆ ನೀರು ಯಾವ ದಾರಿ ಹಿಡಿದು ಹೋಗುತ್ತದೆ ಎಂಬುದು ಅವಳ ಅಧ್ಯಯನದ ವಿಷಯ. ಅದಕ್ಕೆ ಆ ಸೀಮೆಗಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿನ ಹಳ್ಳಗಳು ಸ್ವಲ್ಪ ದೂರ ನೆಲದ ಮೇಲೆ ಹರಿದು, ಕುಸಿದ ಗುಂಡಿಯೊಂದರಲ್ಲಿ ಗಟಗಟನೆ ಇಳಿದು ಕಾಣೆಯಾಗಿ, ಮೈಲಿಗಟ್ಟಲೆ ಆಚೆ ಯಾವುದೋ ಬುಗ್ಗೆಯಲ್ಲಿ ತಲೆಯೆತ್ತುತ್ತವೆ. ಗುಂಡಿಯ ನೀರಿಗೆ ಹಸಿರು ಬಣ್ಣ ಬೆರೆಸುವುದು, ಸುತ್ತಲಿನ ಬುಗ್ಗೆಗಳಲ್ಲಿ ಇದ್ದಿಲಿನ ಪೊಟ್ಟಣ ಕಟ್ಟಿ ಬರುವುದು, ಯಾವ ಪೊಟ್ಟಣಕ್ಕೆ ಬಣ್ಣ ಹತ್ತಿತೋ ನೋಡಿ ನೀರಿನ ದಾರಿಯನ್ನು ನಕ್ಷೆಗೆ ಏರಿಸುವುದು, ಇಷ್ಟೇ ಅವಳ ಕೆಲಸ. ಎಲ್ಲವೂ ಬಿಸಿಲಿನಲ್ಲಿ, ಆಕಾಶದ ಕೆಳಗೆ. ಒಳಗೆ ಇಳಿಯುವ ಪ್ರಮೇಯವೇ ಬಾರದ ಹಾಗೆ ಯೋಚಿಸಿ ಯೋಚಿಸಿ ಅವಳು ಈ ದಾರಿ ಆರಿಸಿಕೊಂಡಿದ್ದಳು.

ಅವಳ ಊರಿಗೆ ಕಾಣುವ ಅಂಕಾರಾನ ಬೆಟ್ಟದಲ್ಲೂ ಇಂಥದೇ ಕಲ್ಲು, ಇಂಥದೇ ಗವಿಗಳು. ಆ ಗವಿಗಳಲ್ಲಿ ಅವಳ ಕುಲದ ಹಿರಿಯರು ಮಲಗಿದ್ದಾರೆ. ಅತ್ತ ಬೆರಳು ನೀಡಿ ತೋರಿಸಬಾರದು, ತೋರಿಸಲೇಬೇಕಾದರೆ ಬೆರಳು ಮಡಿಚಿ ತೋರಿಸಬೇಕು. ಕೇಳದೆ ಅವರ ಜಾಗಕ್ಕೆ ಕಾಲಿಡಬಾರದು. ಇವು ‘ಫಾಡಿ’, ಮೀರಬಾರದ ಕಟ್ಟುಗಳು. ಸುವಾಜಾರ ಚಿಕ್ಕವಳಿದ್ದಾಗ ತಪ್ಪಿಸಿಕೊಂಡ ಮೇಕೆಯ ಹಿಂದೆ ಓಡಿ, ಗೊತ್ತಿಲ್ಲದೆ ಒಂದು ಗವಿಯೊಳಗೆ ನುಗ್ಗಿಬಿಟ್ಟಿದ್ದಳು. ಕಣ್ಣು ಕತ್ತಲೆಗೆ ಒಗ್ಗಿದಾಗ ಎದುರಿಗೆ ಸಾಲಾಗಿ ಬುರುಡೆಗಳಿದ್ದವು. ಆಮೇಲೆ ಎಷ್ಟೋ ದಿನ ಅವಳ ಬಾಯಿಂದ ಮಾತು ಹೊರಡಲಿಲ್ಲ. ಅಜ್ಜಿ ಗವಿಯ ಬಾಯಿಗೆ ಹೋಗಿ, ಜೇನು ಸುರಿದು, ಮಗುವಿನ ಪರವಾಗಿ ತಪ್ಪೊಪ್ಪಿಕೊಂಡು ಬಂದ ಮೇಲೆ ಮಾತು ಮರಳಿತ್ತು. ಭಯ ಮಾತ್ರ ಹೋಗಿರಲಿಲ್ಲ. ಓದಿದ್ದು, ಪರೀಕ್ಷೆ ಬರೆದದ್ದು, ವಿಮಾನ ಹತ್ತಿ ಸಮುದ್ರ ದಾಟಿದ್ದು ಯಾವುದೂ ಅದನ್ನು ಅಲುಗಿಸಿರಲಿಲ್ಲ.

ವಸಂತದ ಒಂದು ಬೆಳಿಗ್ಗೆ ಅವಳ ಮಾರ್ಗದರ್ಶಕಿ ಡಾಕ್ಟರ್ ಹ್ಯಾಚರ್ ಅವಳನ್ನು ಕೋಣೆಗೆ ಕರೆದರು. ಮೇಜಿನ ತುಂಬ ಸುವಾಜಾರಳದೇ ನಕ್ಷೆ ಹರಡಿತ್ತು.

“ಎರಡು ಬುಗ್ಗೇಲೂ ಬಣ್ಣ ಇಲ್ಲ. ಹಾಗಾದ್ರೆ ನೀರು ಎಲ್ಲಿ ಹೋಯ್ತು ಸೂ? ಗಾಳೀಲಿ ಹಾರಿಹೋಯ್ತಾ?”

“ಇನ್ನೊಂದು ಬುಗ್ಗೆ ಇರಬಹುದು ಡಾಕ್ಟರ್ ಹ್ಯಾಚರ್. ಮತ್ತೆ ಹುಡುಕ್ತೀನಿ.”

“ಹುಡುಕಿ ಹುಡುಕಿ ಒಂದು ವರ್ಷ ಆಯ್ತಲ್ಲ. ಇಲ್ನೋಡು.” ಅವರು ಪೆನ್ಸಿಲಿನಿಂದ ಒಂದು ಹೊಲವನ್ನು ಸುತ್ತಿದರು. “ಸ್ಕ್ಯಾಗ್ಸ್ ಅಂತ ಒಬ್ಳು ಮುದುಕಿ ಜಮೀನು. ಕೆಳಗೆ ಗವಿ ಇದೆ, ಗವೀಲಿ ಹಳ್ಳ ಹರಿಯುತ್ತೆ. ನಾಲ್ಕು ಪೊಟ್ಟಣ ಒಳಗಿನ ಹಳ್ಳದಲ್ಲೇ ಕಟ್ಟಿ ಬಂದ್ರೆ ಉತ್ತರ ಸಿಗುತ್ತೆ. ನಿನ್ನ ಜೊತೆ ಓದೋ ವೇಡ್ ಕರ್ಕೊಂಡು ಹೋಗ್ತಾನೆ. ಹುಟ್ಟಿದಾಗಿಂದ ಗವೀಲೇ ಬೆಳೆದವನು ಅವನು. ಶನಿವಾರ ಆಗುತ್ತಲ್ಲ?”

ಸುವಾಜಾರ ಪೆನ್ಸಿಲಿನ ಸುತ್ತನ್ನೇ ನೋಡಿದಳು. ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಸುಣ್ಣಕಲ್ಲಿನ ಭೂಗೋಳ ಓದಲು ಅಷ್ಟು ದೂರದಿಂದ ಬಂದವಳು ಗವಿಗೆ ಹೆದರುತ್ತೇನೆಂದರೆ ಇವರು ಏನೆಂದುಕೊಂಡಾರು? ಮುಂದಿನ ವರ್ಷ ತನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ? ಸತ್ತವರ ಮಾತೆತ್ತಿದರಂತೂ ಮುಗಿದೇ ಹೋಯಿತು, ಎದುರಿಗೆ ನಗದೆ ಬೆನ್ನ ಹಿಂದೆ ನಗುತ್ತಾರೆ.

“ಆಗುತ್ತೆ,” ಎಂದಳು.

ಅಡುಗೆಮನೆ ಹಂಚಿಕೊಂಡಿದ್ದ ಬೆಕ್‌ಝತ್ ಎಂಬ ಕಜಕ್ ಹುಡುಗನಿಗೆ ಮಾತ್ರ ಏನೋ ಸರಿಯಿಲ್ಲವೆಂದು ಅನ್ನಿಸಿತು. ಅವನೂ ಅದೇ ವಿಭಾಗದವನು. ಹಿಮನದಿಗಳನ್ನು ಓದುವವನು, ಬಾಯಿಬಡುಕ.

“ಏನೇ ಇದು, ಅನ್ನ ಅರ್ಧಕ್ಕೆ ಬಿಟ್ಟಿದೀಯ? ನೀನು ಅನ್ನ ಬಿಟ್ಟಿದ್ದು ನಾನು ನೋಡೇ ಇಲ್ಲ. ಯಾರು ಸತ್ರು?”

“ಶನಿವಾರ ಗವಿಗೆ ಹೋಗ್ಬೇಕು.”

“ಅಷ್ಟೇನಾ? ನಾನೂ ಬರ್ತೀನಿ. ಗವೀಲಿ ಸೊಳ್ಳೆ ಇರಲ್ಲ, ಹ್ಯಾಚರ್ ಇರಲ್ಲ. ಸ್ವರ್ಗ!”

ಅವನು ಬರುತ್ತೇನೆಂದದ್ದು ಅವಳಿಗೆ ಸ್ವಲ್ಪ ಧೈರ್ಯ ತಂದಿತು. ಅಷ್ಟಾದರೂ ಶನಿವಾರದವರೆಗೆ ಅವಳು ದೀಪ ಆರಿಸದೆ ಮಲಗಿದಳು.

ಓರ್ಫಾ ಸ್ಕ್ಯಾಗ್ಸ್ ಎಂಬ ಆ ಮುದುಕಿ ಜಗಲಿಯ ಮೇಲೆಯೇ ಕಾದಿದ್ದರು. ಎಂಬತ್ತರ ಆಸುಪಾಸು, ಒಣಗಿದ ದೇಹ, ಕಾಲಿಗೆ ಗಂಡಸರ ಬೂಟು. ವೇಡ್ ಪ್ರೂಯಿಟ್ ಪಕ್ಕದ ತಾಲ್ಲೂಕಿನವನೇ ಆದ್ದರಿಂದ ಊರಿನ ವಾಡಿಕೆಯಂತೆ ಅವರನ್ನು ‘ಮಿಸ್ ಓರ್ಫಾ’ ಎಂದು ಕರೆದು, ಟೋಪಿ ತೆಗೆದು ಮಾತಾಡಿಸಿದ.

“ನಿಮ್ಮಪ್ಪ ಯಾರೋ ಹುಡುಗ? ಡೋಯಲ್ ಪ್ರೂಯಿಟ್ಟಾ? ಹಾಗಾದ್ರೆ ಕುದುರೆ ಕಳ್ಳರ ಮನೆಯವನೇ ಬಿಡು.”

“ಅದು ನಮ್ಮಜ್ಜ, ಮಿಸ್ ಓರ್ಫಾ. ನಮ್ಮಪ್ಪ ಬರೀ ಹೊಗೆಸೊಪ್ಪು ಬೆಳೀತಾನೆ.”

ಮುದುಕಿ ನಕ್ಕು ಮೂವರಿಗೂ ಬಿಸಿ ಬನ್ನಿನೊಳಗೆ ಹಂದಿಮಾಂಸ ಇಟ್ಟು ಕೊಟ್ಟರು. ಬೆಕ್‌ಝತ್ ತನ್ನ ಪಾಲಿನ ಮಾಂಸವನ್ನು ಮೆಲ್ಲಗೆ ವೇಡನ ಬನ್ನಿಗೆ ದಾಟಿಸಿದ. ಗವಿ ಹೊಲದ ಕೆಳತುದಿಯಲ್ಲಿದೆ, ತಾನು ಹುಡುಗಿಯಾಗಿದ್ದಾಗ ಕರುಗಳು ಬೀಳುತ್ತವೆಂದು ಅಪ್ಪ ಅದರ ಬಾಯಿಗೆ ಕಲ್ಲು ತುಂಬಿಸಿದ್ದ, ಮೊನ್ನೆ ಚಳಿಗಾಲದಲ್ಲಿ ನೆಲ ಕುಸಿದು ಪಕ್ಕದಲ್ಲೇ ಹೊಸ ಬಾಯಿ ತೆರೆದಿದೆ ಎಂದರು ಮುದುಕಿ.

“ರಾತ್ರಿಗೆ ಮಳೆ ಅಂತಾರೆ. ನಾವು ಮಧ್ಯಾಹ್ನಕ್ಕೇ ಆಚೆ ಬಂದಿರ್ತೀವಿ,” ಎಂದ ವೇಡ್. “ಸಂಜೆ ಊಟದ ಹೊತ್ತಿಗೂ ನಾವು ಕಾಣಿಸ್ಲಿಲ್ಲ ಅಂದ್ರೆ ಅಗ್ನಿಶಾಮಕದವರಿಗೆ ಫೋನ್ ಮಾಡಿ.”

“ಸಂಜೆತನಕ ಕಾಯೋದು ನನಗೆ ಬಿಟ್ಟಿದ್ದು. ಮಳೆ ಬಿತ್ತು ಅಂದ್ರೆ ಆಗ್ಲೇ ಮಾಡ್ತೀನಿ,” ಎಂದರು ಮುದುಕಿ.

ಬಾಯಿ ಎಂದರೆ ಒಬ್ಬರು ತೂರುವಷ್ಟು ಒಂದು ಬಿರುಕು, ಅಷ್ಟೇ. ಒಳಗಿನಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು, ಯಾರೋ ಉಸಿರು ಬಿಟ್ಟಂತೆ. ವೇಡ್ ಮೊದಲು ಇಳಿದ. ಸುವಾಜಾರ ಬಗ್ಗಿ, ಯಾರಿಗೂ ಕೇಳಿಸದ ಹಾಗೆ “ಅಜಾಫಾಡಿ” ಎಂದಳು. ಅವಳ ನಾಡಿನಲ್ಲಿ ಹಿರಿಯರ ಮುಂದೆ ಹಾದುಹೋಗುವಾಗ, ನನಗೆ ದೋಷ ತಟ್ಟದಿರಲಿ ಎಂದು ಹೇಳುವ ಮಾತು. ಇಲ್ಲಿ ಯಾರೂ ಇಲ್ಲ, ಇದು ಬರೀ ಕಲ್ಲು ಎಂದು ತನಗೆ ತಾನೇ ಹೇಳಿಕೊಂಡು ಕಾಲು ಇಳಿಬಿಟ್ಟಳು.

ಮೊದಲರ್ಧ ಎಲ್ಲವೂ ನೆಟ್ಟಗೇ ನಡೆಯಿತು. ವೇಡ್ ಅಳತೆಯ ಪಟ್ಟಿ ಹಿಡಿದು ಮುಂದೆ, ಬೆಕ್‌ಝತ್ ದಿಕ್ಕು ನೋಡುತ್ತ ಹಿಂದೆ, ನಡುವೆ ಸುವಾಜಾರ ನಕ್ಷೆ ಬರೆಯುತ್ತ. ಹೆಲ್ಮೆಟ್ಟಿನ ದೀಪ ಬಿದ್ದಷ್ಟೇ ಜಗತ್ತು. ಅದರಾಚೆಗೆ ಏನಿದೆಯೆಂದು ಯೋಚಿಸದಿರಲು ಅವಳು ಕಾಗದದ ಮೇಲೇ ಕಣ್ಣು ನೆಟ್ಟಳು. ಗೆರೆ ಸೊಟ್ಟಗಾದಾಗ ಚಳಿ ಎಂದಳು.

“ಆ ಕಡೆ ಗೋಡೆ ಎಲ್ಲಿ ಮುಗಿಯುತ್ತೆ ತೋರ್ಸು,” ಎಂದ ವೇಡ್. ಅವಳು ಬೆರಳು ಮಡಿಚಿ ತೋರಿಸಿದಳು. “ನೀನ್ಯಾಕೆ ಯಾವಾಗ್ಲೂ ಹಾಗೆ ತೋರಿಸ್ತೀಯ? ಬೆರಳು ನೋವಾ?”

“ಅಭ್ಯಾಸ,” ಎಂದಳು.

ದಾರಿ ಒಂದು ಕಡೆ ತಗ್ಗಿತು. ಮೇಲೆ ಬಂಡೆ, ಕೆಳಗೆ ಹಳ್ಳ. ನಡುವೆ ಎದೆ ನೀರಲ್ಲಿಟ್ಟು, ಗದ್ದ ಮೇಲೆತ್ತಿ ತೆವಳುವಷ್ಟು ಮಾತ್ರ ಜಾಗ. ವೇಡ್ ಒಬ್ಬನೇ ಮೊದಲು ತೆವಳಿ ಹೋಗಿ ನೋಡಿ ಬಂದ. ಅದನ್ನು ದಾಟಿದರೆ ದೊಡ್ಡ ಹಜಾರ, ಅಲ್ಲಿ ಹಳ್ಳ ಎರಡಾಗಿ ಒಡೆಯುತ್ತದೆ, ಪೊಟ್ಟಣ ಕಟ್ಟಬೇಕಾದದ್ದು ಅಲ್ಲೇ ಎಂದ ವೇಡ್. ತೆವಳುವಾಗ ಬಂಡೆ ಅವಳ ಹೆಲ್ಮೆಟ್ಟನ್ನು ಕೆರೆಯುತ್ತಿತ್ತು, ನೀರು ತುಟಿಗೆ ತಾಗುತ್ತಿತ್ತು. ಈ ನೆಲವೆಲ್ಲ ತನ್ನ ಬೆನ್ನ ಮೇಲಿದೆ ಎಂಬ ಯೋಚನೆ ಬಂದದ್ದೇ ಅವಳ ಕೈಕಾಲು ನಿಂತುಬಿಟ್ಟವು.

“ನಡಿಯೇ ಮಾರಾಯ್ತಿ, ಹಿಂದೆ ನಾನಿದೀನಿ,” ಎಂಬ ಬೆಕ್‌ಝತ್‌ನ ಮಾತು ನೀರಿನಲ್ಲಿ ಗುಳುಗುಳು ಎಂದಿತು. “ನಿನ್ನ ಬೂಟು ನೋಡ್ತಾ ಸಾಯೋಕೆ ನನಗಿಷ್ಟ ಇಲ್ಲ.”

ದಾಟಿದರು. ಪೊಟ್ಟಣಗಳನ್ನು ಕಟ್ಟಿದರು. ಕೊನೆಯ ಗಂಟು ಬಿಗಿಯುವಾಗ ಸುವಾಜಾರಳ ಕೈಯ ಮೇಲೆ ಏನೋ ಬಂದು ಅಂಟಿತು. ಎತ್ತಿ ನೋಡಿದರೆ ಎಲೆ. ಹಸಿ ಎಲೆ, ಆಗ ತಾನೇ ಮರದಿಂದ ಕಿತ್ತು ಬಂದದ್ದು. ಅದರ ಹಿಂದೆ ಇನ್ನೊಂದು. ಕನ್ನಡಿಯಂತಿದ್ದ ನೀರು ನೋಡನೋಡುತ್ತ ಮಣ್ಣುಬಣ್ಣಕ್ಕೆ ತಿರುಗಿತು.

“ವೇಡ್,” ಎಂದಳು.

ವೇಡ್ ತಿರುಗಿ ನೀರು ನೋಡಿದ. ಅವನ ಮುಖದ ನಗು ಇಳಿದದ್ದನ್ನು ಅವಳು ನೋಡಿದಳು. ಅವನು ಹುಟ್ಟಿದಾಗಿಂದ ಗವಿಯಲ್ಲೇ ಬೆಳೆದವನು.

“ಮಳೆ ಮೊದ್ಲೇ ಬಂದ್ಬಿಟ್ಟಿದೆ. ಚೀಲ ಬಿಡಿ. ಎಲ್ಲಾ ಬಿಡಿ. ಓಡಿ!”

ಮೂವರೂ ಎದ್ದುಬಿದ್ದು ತಗ್ಗಿನ ದಾರಿಗೆ ಬಂದರು. ದಾರಿ ಇರಲಿಲ್ಲ. ಬಂಡೆಗೆ ನೀರು ತಾಗಿತ್ತು. ಅಂಚಿನಲ್ಲಿ ನೊರೆ ಸುತ್ತುತ್ತಿತ್ತು, ಅಷ್ಟೇ. ಗವಿಯೊಳಗೆಲ್ಲ ಬೀಸುತ್ತಿದ್ದ ಗಾಳಿ ಗಕ್ಕನೆ ನಿಂತುಹೋಯಿತು. ಆಮೇಲೆ ಎಲ್ಲಿಂದಲೋ, ದೂರದಿಂದ, ರೈಲು ಬರುವಂಥ ಸದ್ದು.

“ಈಜಿ ದಾಟೋಣ,” ಎಂದ ಬೆಕ್‌ಝತ್.

“ಸಾಯ್ತೀಯ. ಮೇಲೆ ಹತ್ಬೇಕು. ಎಲ್ಲಾದ್ರೂ ಮೇಲೆ.” ವೇಡ್ ಹುಚ್ಚನಂತೆ ದೀಪವನ್ನು ಗೋಡೆಗಳ ಮೇಲೆ ಆಡಿಸಿದ. ಹಜಾರದ ಒಂದು ಮೂಲೆಯಲ್ಲಿ, ಎರಡಾಳೆತ್ತರದಲ್ಲಿ, ಕಲ್ಲುಜಗಲಿಯೊಂದು ಕಂಡಿತು. “ಅಲ್ಲಿ! ಸೂ, ನೀನು ಹಗುರ ಇದೀಯ, ಮೊದ್ಲು ಹತ್ತು. ನನ್ನ ಭುಜದ ಮೇಲೆ ಕಾಲಿಡು.”

ಅವಳು ಹತ್ತಿದಳು. ಉಗುರು ಕಿತ್ತು ರಕ್ತ ಬಂದದ್ದೂ ಅವಳಿಗೆ ಗೊತ್ತಾಗಲಿಲ್ಲ. ಅಂಚಿಗೆ ಎದೆ ಕೊಟ್ಟು, ಕತ್ತಲಲ್ಲಿ ಕೈ ಚಾಚಿ ಹಿಡಿಯಲು ಏನಾದರೂ ಸಿಗುತ್ತದೆಯೇ ಎಂದು ತಡವಿದಳು. ಸಿಕ್ಕಿತು. ತಲೆಯೆತ್ತಿದಾಗ ದೀಪದ ಬೆಳಕು ಅದರ ಮೇಲೆ ಬಿತ್ತು. ಬೂಟು. ಮುದುಡಿ ಕಲ್ಲಿನಂತಾದ ತೊಗಲಿನ ಬೂಟು. ಬೂಟಿನಿಂದ ಮೇಲಕ್ಕೆ ಕಂದುಬಣ್ಣದ ಎಲುಬು, ಚಿಂದಿಯಾದ ಬಟ್ಟೆ, ಗೋಡೆಗೆ ಒರಗಿದ ಪಕ್ಕೆಲುಬುಗಳು, ಎದೆಯ ಮೇಲೆ ಬಾಗಿದ ಬುರುಡೆ.

ಅವಳ ಗಂಟಲಿನಿಂದ ಬಂದ ಸದ್ದು ಮನುಷ್ಯರದ್ದಿರಲಿಲ್ಲ.

“ಏನಾಯ್ತು? ಹತ್ತೇ!”

“ಇಲ್ಲಿ... ಆಗಲ್ಲ. ನಾನು ಕೆಳಗೆ ಬರ್ತೀನಿ. ಬಿಡಿ ನನ್ನ, ಕೆಳಗೆ ಬರ್ತೀನಿ!”

“ನೀರು ನನ್ನ ಸೊಂಟಕ್ಕೆ ಬಂದಿದೆ ಸೂ!” ವೇಡ್ ಅರಚಿದ. ಅವನ ಭುಜ ಅವಳ ಕಾಲಡಿ ಥರಥರ ನಡುಗುತ್ತಿತ್ತು.

ಬೆಕ್‌ಝತ್ ಏನೂ ಹೇಳಲಿಲ್ಲ. ಅದೇ ಅವಳನ್ನು ತಟ್ಟಿತು. ಅವಳು ಕತ್ತು ತಿರುಗಿಸಿ ನೋಡಿದಳು. ಸದಾ ವಟವಟ ಎನ್ನುವ ಹುಡುಗ ಬಂಡೆಯನ್ನು ತಬ್ಬಿಕೊಂಡು, ಬಾಯಿ ಬಿಗಿದು, ಅವಳನ್ನೇ ನೋಡುತ್ತಿದ್ದ. ಪ್ರವಾಹ ಅವನ ಕಾಲನ್ನು ಎಳೆಯುತ್ತಿತ್ತು. ಜಗಲಿ ಚಿಕ್ಕದು. ಅವರಿಬ್ಬರಿಗೆ ಜಾಗ ಬೇಕೆಂದರೆ ಅವಳು ಅಂಚಿನಲ್ಲಿ ಉಳಿಯುವಂತಿರಲಿಲ್ಲ, ಒಳಕ್ಕೆ ಸರಿಯಬೇಕಿತ್ತು. ಒಳಕ್ಕೆ ಎಂದರೆ ಸತ್ತವನ ಪಕ್ಕಕ್ಕೆ.

ಅವಳು ಕಣ್ಣು ಮುಚ್ಚಿ ಸರಿದಳು. ಗೋಡೆಗೆ ಬೆನ್ನು ತಾಗುವವರೆಗೆ, ಅವನ ಭುಜದ ಎಲುಬು ತನ್ನ ತೋಳಿಗೆ ತಾಗುವವರೆಗೆ ಸರಿದು, ಕೈ ಕೆಳಗೆ ಚಾಚಿ ಬೆಕ್‌ಝತ್‌ನ ಮುಂಗೈ ಹಿಡಿದು ಎಳೆದಳು. ಅವನು ಮೇಲೆ ಬಂದ. ಇಬ್ಬರೂ ಸೇರಿ ವೇಡನನ್ನು ಎಳೆದುಕೊಂಡರು.

ಕೆಳಗೆ ನೀರು ಅಬ್ಬರಿಸುತ್ತಿತ್ತು. ಬ್ಯಾಟರಿ ಉಳಿಸಲು ಒಂದೇ ದೀಪ ಇಟ್ಟುಕೊಂಡು ಉಳಿದವನ್ನು ಆರಿಸಿದರು. ಆ ಬೆಳಕಿನಲ್ಲಿ ಗಂಡಸರಿಬ್ಬರೂ ಸತ್ತವನನ್ನು ನೋಡಿದರು.

“ಅಯ್ಯೋ ದೇವರೇ,” ಎಂದ ವೇಡ್. ಹೆಲ್ಮೆಟ್ಟು ತೆಗೆದು ಮಡಿಲಲ್ಲಿಟ್ಟುಕೊಂಡ.

ಬೆಕ್‌ಝತ್ ಎರಡೂ ಅಂಗೈಗಳನ್ನು ಬೊಗಸೆಯಂತೆ ಹಿಡಿದು, ತುಟಿ ಅಲುಗಿಸಿ, ಕೊನೆಗೆ ಮುಖವನ್ನು ಸವರಿಕೊಂಡ. ಕಾಲೇಜಿನಲ್ಲಿ ಅವನು ಪ್ರಾರ್ಥನೆ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. “ನಮ್ಮಲ್ಲಿ ಸತ್ತವರು ಸಿಕ್ಕಿದ್ರೆ ಸುಮ್ನೆ ಹೋಗೋ ಹಾಗಿಲ್ಲ,” ಎಂದ ನಾಚಿದವನಂತೆ.

ಆ ಮಾತು ಸುವಾಜಾರಳ ಎದೆಯ ಬಿಗಿತವನ್ನು ಎಳೆಯಷ್ಟು ಸಡಿಲಿಸಿತು. ಇವರು ನಗಲಿಲ್ಲ. ಅವಳ ಜೇಬಿನಲ್ಲಿ ಕಾಲೇಜಿನ ಕ್ಯಾಂಟೀನಿನಿಂದ ತಂದಿದ್ದ ಜೇನಿನ ಪುಟ್ಟ ಪೊಟ್ಟಣಗಳಿದ್ದವು, ದಣಿದಾಗ ಬಾಯಿಗೆ ಹಾಕಿಕೊಳ್ಳಲೆಂದು ಇಟ್ಟುಕೊಂಡದ್ದು. ಅವಳು ಒಂದನ್ನು ಹಲ್ಲಿನಿಂದ ಹರಿದು, ಅವನ ಬೂಟಿನ ಪಕ್ಕದ ಕಲ್ಲಿನ ಮೇಲೆ ಹಿಂಡಿದಳು. ಅರ್ಧ ಅವಳ ಬೆರಳಿಗೇ ಅಂಟಿತು. ತನ್ನ ಭಾಷೆಯಲ್ಲಿ ಹೇಳಿದಳು: ನೀವು ಯಾರೋ ಗೊತ್ತಿಲ್ಲ. ಕೇಳದೆ ನಿಮ್ಮ ಮನೆಗೆ ಬಂದೆವು. ಸಾವು ಬೆನ್ನಟ್ಟಿದ್ದಕ್ಕೆ ಬಂದೆವು. ಸ್ವಲ್ಪ ಹೊತ್ತು ಕೂರಲು ಬಿಡಿ, ನೀರು ಇಳಿದ ಮೇಲೆ ಹೋಗುತ್ತೇವೆ.

“ಏನಂದೆ?” ಕೇಳಿದ ವೇಡ್.

“ಇಲ್ಲಿ ಕೂರಬಹುದಾ ಅಂತ ಕೇಳ್ದೆ.”

“ಕೇಳಿದ್ದು ಒಳ್ಳೇದಾಯ್ತು,” ಎಂದ ವೇಡ್. ತಮಾಷೆಯಿರಲಿಲ್ಲ ಅವನ ದನಿಯಲ್ಲಿ. “ತಪ್ಪು ನಂದು. ಮೋಡ ನೋಡ್ದೆ, ಫೋನಲ್ಲಿ ಬಂದಿದ್ದು ನಂಬ್ಕೊಂಡೆ. ನಿಮ್ಮನ್ನ ಕರ್ಕೊಂಡು ಬಂದು...”

ನೀರು ಏರುತ್ತಲೇ ಇತ್ತು. ಎಷ್ಟು ಏರಿದೆಯೆಂದು ನೋಡಲು ಆಗಾಗ ಅಂಚಿನಿಂದ ಬಗ್ಗಿ ದೀಪ ಬಿಡುತ್ತಿದ್ದರು. ನಡುವೆ ವೇಡ್ ಸತ್ತವನ ಕಡೆಗೂ ಬೆಳಕು ತಿರುಗಿಸಿದ. ಪಕ್ಕದಲ್ಲಿ ತುಕ್ಕು ಹಿಡಿದ ಹಳೆಯ ಕಾರ್ಬೈಡ್ ದೀಪ, ಮುಚ್ಚಳ ನಿಲ್ಲಲು ಬೇಲಿಯ ತಂತಿ ಸುತ್ತಿದ್ದು. ಒಂದು ಖಾಲಿ ಊಟದ ಡಬ್ಬಿ. ಒಂದು ಕಾಲಿನ ಎಲುಬು ಎರಡು ತುಂಡಾಗಿತ್ತು. ಮುರಿದ ಕಡೆ ಒಂದು ಹಲಗೆಚೂರು ಇಟ್ಟು, ಬೆಲ್ಟಿನಿಂದ ಬಿಗಿದಿತ್ತು.

“ಇಲ್ಲಿಂದ ಮೇಲೆ ಹತ್ತೋಕೆ ಹೋಗಿ ಬಿದ್ದಿರ್ಬೇಕು. ಕಾಲು ಮುರಿದ ಮೇಲೂ ಬದುಕಿದ್ದ.” ವೇಡ್ ತೋರಿಸಲು ಬೆರಳೆತ್ತಿದ. ಸುವಾಜಾರ ಥಟ್ಟನೆ ಅವನ ಬೆರಳನ್ನು ಹಿಡಿದು ಮಡಿಚಿದಳು. ಅವನು ಅವಳ ಮುಖ ನೋಡಿ, ಯಾಕೆಂದು ಕೇಳದೆ ಕೈ ಇಳಿಸಿದ.

ಹಾಗಾದರೆ ಇವನು ಕಾದಿದ್ದ. ಇಲ್ಲೇ, ಈ ಗೋಡೆಗೆ ಒರಗಿ, ದೀಪ ಆರಿಹೋದ ಮೇಲೂ, ಯಾರಾದರೂ ಬರುತ್ತಾರೆಂದು ಕಾದಿದ್ದ. ಯಾರೂ ಬಂದಿರಲಿಲ್ಲ. ಸುವಾಜಾರ ಇಷ್ಟು ಹೊತ್ತು ಹೆದರಿದ್ದು ಅವನಿಗೆ. ಈಗ ಹುಟ್ಟಿದ ಹೆದರಿಕೆ ಬೇರೆ, ಅದಕ್ಕಿಂತ ದೊಡ್ಡದು. ನಮ್ಮನ್ನೂ ಹುಡುಕಿಕೊಂಡು ಯಾರೂ ಬರದೆಹೋದರೆ? ಇನ್ನು ಎಷ್ಟೋ ಕಾಲದ ಮೇಲೆ ಯಾರೋ ನಾಲ್ಕು ಜೋಡಿ ಬೂಟು ನೋಡಿ ಕಿರುಚಿದರೆ? ಊರಲ್ಲಿ ಅಮ್ಮನಿಗೆ ಸುದ್ದಿ ಯಾರು ಮುಟ್ಟಿಸುತ್ತಾರೆ, ಯಾವ ಭಾಷೆಯಲ್ಲಿ? ಕುಲದವರಿಂದ ಸಮುದ್ರದಷ್ಟು ದೂರ, ಹೆಸರೂ ಗೊತ್ತಿಲ್ಲದವನ ಪಕ್ಕದಲ್ಲಿ ತನ್ನ ಎಲುಬು. ಅವಳು ಎದೆಯನ್ನು ಎರಡೂ ಕೈಯಿಂದ ಒತ್ತಿಕೊಂಡಳು.

“ಸೂ,” ಎಂದ ಬೆಕ್‌ಝತ್ ಮೆಲ್ಲಗೆ. “ಏನಾದ್ರೂ ಮಾತಾಡು. ನಿನ್ನ ನಿಜವಾದ ಹೆಸರು ಪೂರ್ತಿ ಹೇಳು.”

“ಸುವಾಜಾರ.”

“ಅರ್ಥ?”

“ಒಳ್ಳೆ ಪಾಲು. ಒಳ್ಳೆ ಹಣೆಬರಹ.”

ಮೂವರೂ ನಕ್ಕರು. ನಗು ತಡೆಯಲಾಗದೆ ನಕ್ಕರು, ಕಣ್ಣಲ್ಲಿ ನೀರು ಬರುವ ಹಾಗೆ. ನಗು ನಿಂತಾಗ ವೇಡ್ ಅಳುತ್ತಿದ್ದ. ಅವಳು ಅವನ ಬೆನ್ನು ಸವರಿದಳು. ನೀರು ಜಗಲಿಯ ಅಂಚನ್ನು ನೆಕ್ಕುತ್ತಿತ್ತು. ಮೂವರೂ ಕಾಲು ಮಡಿಚಿ, ಸತ್ತವನನ್ನೂ ಸೇರಿಸಿಕೊಂಡು, ಗೋಡೆಗೆ ಒತ್ತಿ ಕೂತರು. ಆ ಹೊತ್ತಿಗೆ ಅವಳು ಅವನ ಭುಜದಿಂದ ತನ್ನ ತೋಳನ್ನು ಎಳೆದುಕೊಳ್ಳುವುದನ್ನು ಬಿಟ್ಟಿದ್ದಳು.

ಯಾವಾಗಲೋ ಗಾಳಿ ಮತ್ತೆ ಬೀಸಿತು. ವೇಡ್ ಥಟ್ಟನೆ ತಲೆಯೆತ್ತಿದ. “ಗಾಳಿ ಬಂತು. ದಾರಿ ತೆರೀತಾ ಇದೆ!” ಬಗ್ಗಿ ನೋಡಿದರೆ ನೀರು ಗೋಡೆಯ ಮೇಲೆ ಒದ್ದೆ ಗುರುತು ಬಿಟ್ಟು ಕೆಳಗಿಳಿದಿತ್ತು. ಇನ್ನೂ ಬಹಳ ಹೊತ್ತಾದ ಮೇಲೆ, ತಗ್ಗಿನ ದಾರಿಯ ಆಚೆಯಿಂದ ಮನುಷ್ಯರ ಕೂಗು ಕೇಳಿಸಿತು. ಮೂವರೂ ಗಂಟಲು ಹರಿಯುವಂತೆ ಕೂಗಿದರು.

ಇಳಿಯುವ ಮುಂಚೆ ಸುವಾಜಾರ ಅವನ ಕಡೆ ತಿರುಗಿ, “ನಿಮ್ಮವರಿಗೆ ಹೇಳ್ತೀನಿ,” ಎಂದಳು.

ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು. ಮಳೆ ತುಂತುರಿಗೆ ಇಳಿದಿತ್ತು. ಊರಿನ ಅಗ್ನಿಶಾಮಕ ದಳದ ಸ್ವಯಂಸೇವಕರು ಒಬ್ಬೊಬ್ಬರನ್ನೇ ಮೇಲೆತ್ತಿದರು. ಮೊದಲ ಹನಿ ಬಿದ್ದಾಗಲೇ ಫೋನು ಮಾಡಿದ್ದ ಓರ್ಫಾ ಸ್ಕ್ಯಾಗ್ಸ್, ಆಗಿನಿಂದ ಗವಿಯ ಬಾಯಿ ಬಿಟ್ಟು ಕದಲಿರಲಿಲ್ಲ. ಅವರು ಸುವಾಜಾರಳ ಮೈಗೆ ಕೌದಿ ಹೊದಿಸಿ, “ಬಾ ಮಗಾ, ಬಾ ಚಿನ್ನ,” ಎಂದು ತಬ್ಬಿದರು. ವೇಡ್ ಬಾಯಿ ತೆರೆದು, ಮುಚ್ಚಿ, ನೆಲ ನೋಡಿದ. ಹೇಳಬೇಕಾದವಳು ತಾನೇ ಎಂದು ಅವಳಿಗೆ ಗೊತ್ತಾಯಿತು.

“ಮಿಸ್ ಓರ್ಫಾ, ಒಳಗೆ ಒಬ್ಬರಿದಾರೆ.”

“ಇನ್ನೊಬ್ರಾ? ನೀವು ಮೂರೇ ಜನ ಹೋಗಿದ್ದಲ್ವಾ?”

“ತುಂಬಾ ಹಿಂದೆ ಹೋದವರು. ಕಾಲು ಮುರಿದಿದೆ. ಪಕ್ಕದಲ್ಲಿ ದೀಪ ಇದೆ. ಮುಚ್ಚಳಕ್ಕೆ ಬೇಲಿ ತಂತಿ ಸುತ್ತಿದಾರೆ.”

ಮುದುಕಿಯ ಕೈ ಕೌದಿಯ ಮೇಲೆ ನಿಂತುಹೋಯಿತು. ಅವರು ಮಳೆಯಲ್ಲೇ ಒಂದು ಕಲ್ಲಿನ ಮೇಲೆ ಕೂತರು.

“ಆ ತಂತಿ ಸುತ್ತಿದ್ದು ಡೆಲ್‌ಬರ್ಟು,” ಎಂದರು. “ನಾನು ಹಿಡ್ಕೊಂಡಿದ್ದೆ, ಅವನು ಸುತ್ತಿದ. ನಮ್ಮಣ್ಣ.”

ಅಗ್ನಿಶಾಮಕದವರು ಹಗ್ಗ ಸುತ್ತುವುದನ್ನು ನಿಲ್ಲಿಸಿದರು.

“ಅಪ್ಪಂಗೂ ಅವನಿಗೂ ಜಗಳ. ಹೊಲ ಬೇಡ, ಡೆಟ್ರಾಯಿಟ್‌ಗೆ ಹೋಗಿ ಕಾರಿನ ಕಾರ್ಖಾನೆ ಸೇರ್ತೀನಿ ಅಂತಿದ್ದ. ಒಂದಿನ ಬೆಳಿಗ್ಗೆ ಇರ್ಲಿಲ್ಲ. ಹೋದ ಅಂದ್ಕೊಂಡ್ವಿ. ಒಂದು ಮಾತು ಹೇಳದೆ ಹೋದ ಅಂತ ಅಮ್ಮ ಸಾಯೋವರ್ಗೂ ಅವನ ಹೆಸರೆತ್ತಲಿಲ್ಲ.” ಅವರು ಕುಸಿದ ನೆಲದ ಪಕ್ಕದ ಕಲ್ಲುರಾಶಿಯ ಕಡೆ ನೋಡಿದರು. “ಆ ವಾರವೇ ಅಪ್ಪ ಇದಕ್ಕೆ ಕಲ್ಲು ತುಂಬಿದ. ಕರು ಬೀಳುತ್ತೆ ಅಂತ. ಸಣ್ಣ ಸಣ್ಣವನ್ನ ನಾನೇ ಹೊತ್ತು ತಂದುಕೊಟ್ಟೆ. ಒಂಬತ್ತು ವರ್ಷ ನನಗೆ. ಆಟ ಅಂದ್ಕೊಂಡಿದ್ದೆ.”

ಹಲಗೆಚೂರಿನ ವಿಷಯ, ಬೆಲ್ಟಿನ ವಿಷಯ ಸುವಾಜಾರಳ ನಾಲಿಗೆಯ ತುದಿಯಲ್ಲಿತ್ತು. ಅವಳು ಹೇಳಲಿಲ್ಲ. ವೇಡ್ ಕೂಡ ಹೇಳಲಿಲ್ಲ. ಕಲ್ಲು ಬಿದ್ದಾಗ ಒಳಗಿನವನು ಬದುಕಿದ್ದನೋ, ಸದ್ದು ಕೇಳಿದನೋ, ಯಾರಿಗೆ ಗೊತ್ತು? ಮುಂದೆ ಎಲುಬುಗಳನ್ನು ಪರೀಕ್ಷಿಸಿದ ವೈದ್ಯರಿಗೂ ಅದನ್ನು ಹೇಳಲಾಗಲಿಲ್ಲ.

ಸೋಮವಾರ ಅವಳು ಡಾಕ್ಟರ್ ಹ್ಯಾಚರ್ ಕೋಣೆಗೆ ಹೋದಳು. ಅವರು ಎದ್ದು ಬಂದು ಕೈ ಹಿಡಿದುಕೊಂಡರು. ಅವರ ಕಣ್ಣು ಕೆಂಪಾಗಿತ್ತು.

“ನಾನು ಇನ್ನು ಒಳಗೆ ಹೋಗಲ್ಲ,” ಎಂದಳು ಸುವಾಜಾರ. “ಮೊದಲಿಂದಲೂ ನನಗೆ ಗವಿ ಅಂದ್ರೆ ಭಯ. ಚಿಕ್ಕವಳಿದ್ದಾಗಿಂದ. ಸತ್ತವರ ಭಯ. ಇದಕ್ಕೆ ನನ್ನ ಓದು ನಿಂತುಹೋಗೋದಾದ್ರೆ ಹೋಗ್ಲಿ.”

“ಯಾಕೆ ಆಗಲೇ ಹೇಳ್ಲಿಲ್ಲ?”

“ನೀವು ಆಗುತ್ತಲ್ಲ ಅಂತ ಕೇಳಿದ್ರಿ. ಆಗಲ್ವಾ ಅಂತ ಕೇಳ್ಲಿಲ್ಲ.”

ಹ್ಯಾಚರ್ ಕಿಟಕಿಯ ಹೊರಗೆ ನೋಡಿದರು. “ಹೌದು,” ಎಂದರು. “ಕೇಳ್ಲಿಲ್ಲ. ಓದು ಯಾಕೆ ನಿಲ್ಲುತ್ತೆ? ಬುಗ್ಗೆ ಹುಡುಕು. ನಾನೂ ಬರ್ತೀನಿ ಹುಡುಕೋಕೆ.”

ಡೆಲ್‌ಬರ್ಟ್ ಸ್ಕ್ಯಾಗ್ಸ್‌ನನ್ನು ಬೇಸಿಗೆಯ ಹೊಸ್ತಿಲಲ್ಲಿ ಮಣ್ಣು ಮಾಡಿದರು. ಬಿಳಿ ಹಲಗೆಯ ಚಿಕ್ಕ ಇಗರ್ಜಿ, ಸುತ್ತ ಹುಲ್ಲು. ವೇಡ್, ಬೆಕ್‌ಝತ್, ಸುವಾಜಾರ ಮೂವರೂ ಸಾಲ ತಂದ ಕಪ್ಪು ಬಟ್ಟೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಪೆಟ್ಟಿಗೆ ಕಂಡಾಗ ಅವಳಿಗೆ ಓಡಿಹೋಗಬೇಕೆನ್ನಿಸಿತು. ಆ ಹೊತ್ತಿಗೆ ಮುಂದಿನ ಸಾಲಿನಿಂದ ಓರ್ಫಾ ಎದ್ದು, ಕೋಲೂರಿಕೊಂಡು, ಎಲ್ಲರೂ ನೋಡುತ್ತಿದ್ದಂತೆ ಅವಳ ಹತ್ತಿರ ಬಂದರು.

“ಅಲ್ಲೇನು ಮಾಡ್ತಿದೀಯ ಹಿಂದೆ? ಮುಂದೆ ಬಾ.”

“ಅದು ಮನೆಯವರ ಜಾಗ, ಮಿಸ್ ಓರ್ಫಾ.”

“ಮನೆಯವರು ಅಂದ್ರೆ ನಾನೊಬ್ಳೇ ಉಳಿದಿರೋದು. ಕೇಳಿಲ್ಲಿ. ನಮ್ಮ ಕಡೆ ಸತ್ತವರನ್ನ ಮಣ್ಣು ಮಾಡೋವರ್ಗೂ ಒಂಟಿ ಬಿಡಲ್ಲ. ಯಾರಾದ್ರೂ ಪಕ್ಕದಲ್ಲಿ ಕೂತಿರ್ಬೇಕು. ನಮ್ಮಮ್ಮ ಕೂರ್ಲಿಲ್ಲ, ಅಪ್ಪ ಕೂರ್ಲಿಲ್ಲ, ನಾನು ಕೂರ್ಲಿಲ್ಲ. ಅವನ ಹತ್ರ ಕೂತಿದ್ದು ನೀನು.”

“ನಾನು ಹೆದ್ರಿ ಕೂತಿದ್ದೆ,” ಎಂದಳು ಸುವಾಜಾರ. “ಓಡಿಹೋಗೋಕೆ ದಾರಿ ಇರ್ಲಿಲ್ಲ, ಅದಕ್ಕೆ ಕೂತೆ.”

“ಕೂತೆಯಲ್ಲ,” ಎಂದರು ಮುದುಕಿ. “ಏಳು. ನನಗೂ ಅಲ್ಲಿ ಒಬ್ಳೇ ಕೂರೋಕೆ ಆಗ್ತಿಲ್ಲ.”

ಅವಳು ಎದ್ದಳು. ಎರಡು ಸಾಲು ಬೆಂಚುಗಳ ನಡುವೆ ಇಬ್ಬರೂ ನಡೆದರು. ಯಾರು ಯಾರಿಗೆ ಆಸರೆಯಾಗಿದ್ದರೆಂದು ನೋಡಿದವರಿಗೆ ಹೇಳಲಾಗುತ್ತಿರಲಿಲ್ಲ. ಪೆಟ್ಟಿಗೆ ಕೈಗೆಟಕುವಷ್ಟು ಹತ್ತಿರವಿತ್ತು. ಸುವಾಜಾರಳ ಎದೆ ಡವಡವ ಎನ್ನುತ್ತಲೇ ಇತ್ತು. ಓರ್ಫಾ ಅವಳ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡರು. ಪಾದ್ರಿ ಪುಸ್ತಕ ತೆರೆದ. ಹಾಡು ಶುರುವಾಯಿತು. ಸುವಾಜಾರಳಿಗೆ ಅದರ ಪದಗಳು ಗೊತ್ತಿರಲಿಲ್ಲ. ಪಕ್ಕದ ಮುದುಕಿಯ ಸೀಳುದನಿಯ ಹಿಂದೆ ಹಿಂದೆಯೇ, ಬಾಯಿ ಮುಚ್ಚಿಕೊಂಡು, ಅವಳೂ ಗುನುಗಿದಳು.